ಆರು ತಿಂಗಳ ಸರ್ಟಿಫಿಕೇಟ್ ಇದ್ರೆ ಔಷಧಿ ಕೊಡಬಹುದಾ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವಳು. ಈ ಸಲ ದ್ವಿತೀಯ ಪಿಯುಸಿ ಸೈನ್ಸ್ ಮುಗಿಸಿದ್ದೇನೆ, 54 ಪರ್ಸೆಂಟ್ ಬಂದಿದೆ. ಅಪ್ಪ ಕಾಫಿ ತೋಟದಲ್ಲಿ ರೈಟರ್. ನಮ್ಮ ದೊಡ್ಡಮ್ಮನ ಮಗಳು ಅಮೆರಿಕದಲ್ಲಿ ಫಾರ್ಮಸಿ ಟೆಕ್ನಿಷಿಯನ್ ಆಗಿದ್ದಾಳೆ. ಕೆಲವೇ ತಿಂಗಳ ತರಬೇತಿ, ಒಂದು ಪರೀಕ್ಷೆ, ಅಷ್ಟೇ ಅಂತಾಳೆ. ಇಲ್ಲಿ ಒಂದು ಸೆಂಟರಿನವರು 6 ತಿಂಗಳ ಫಾರ್ಮಸಿ ಟೆಕ್ನಿಷಿಯನ್ ಕೋರ್ಸ್ ಇದೆ, ಮುಗಿದ ತಕ್ಷಣ ಕೆಲಸ ಗ್ಯಾರಂಟಿ ಅಂತಿದ್ದಾರೆ. ಪರಿಚಯದ ಮೆಡಿಕಲ್ ಶಾಪ್ ಮಾಲೀಕರು "ಕೋರ್ಸೇ ಬೇಡ, ಐದು ವರ್ಷ ನನ್ನ ಹತ್ರ ಕೆಲಸ ಮಾಡು, ಅನುಭವದ ಮೇಲೆ ರಿಜಿಸ್ಟ್ರೇಷನ್ ಆಗುತ್ತೆ" ಅಂತಾರೆ. ಯಾರ ಮಾತು ನಂಬಲಿ? ಕಾಲೇಜು ಸೇರೋವರೆಗೆ ಆ ಅಂಗಡಿಯಲ್ಲಿ ಕೆಲಸ ಮಾಡಬಹುದಾ?

ಉತ್ತರ: ನಿಮ್ಮ ಅಕ್ಕ ಹೇಳಿದ್ದು ಅಮೆರಿಕದ ಮಟ್ಟಿಗೆ ನಿಜ. ಅಂಗಡಿ ಮಾಲೀಕರು ಹೇಳಿದ್ದು ಒಂದು ಕಾಲಕ್ಕೆ ನಿಜವಾಗಿತ್ತು. ಸೆಂಟರಿನವರ ಮಾತಿಗೆ ಮಾತ್ರ ದುಡ್ಡು ಕಟ್ಟುವ ಮೊದಲು ಎರಡು ಸಲ ಯೋಚನೆ ಮಾಡಿ.

ಮೊದಲು ನೇರ ಉತ್ತರ ಕೊಡ್ತೇನೆ. ನಮ್ಮ ದೇಶದಲ್ಲಿ ಡಾಕ್ಟರ ಚೀಟಿ ನೋಡಿ ಔಷಧಿ ಕೊಡಬೇಕಾದರೆ ನಿಮ್ಮ ಹೆಸರು ರಾಜ್ಯದ ಫಾರ್ಮಸಿ ಕೌನ್ಸಿಲಿನ ರಿಜಿಸ್ಟರಿನಲ್ಲಿ ಇರಬೇಕು. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುವುದು ಇದನ್ನೇ. ಹೆಸರಿಲ್ಲದವರು ಕೊಟ್ಟರೆ ಅದು ಅಪರಾಧ. ಈ ರಿಜಿಸ್ಟರಿಗೆ ಸೇರುವ ಅತಿ ಚಿಕ್ಕ ದಾರಿ ಡಿ.ಫಾರ್ಮ್, ಅಂದರೆ ಡಿಪ್ಲೊಮಾ ಇನ್ ಫಾರ್ಮಸಿ. ಎರಡು ವರ್ಷದ ಓದು, ಆಮೇಲೆ ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ 500 ಗಂಟೆ ತರಬೇತಿ, ಈಗ ಅದರ ಮೇಲೆ, ನೋಂದಣಿಗೆ ಮೊದಲು, ಒಂದು ಎಕ್ಸಿಟ್ ಪರೀಕ್ಷೆ. ಇದಕ್ಕಿಂತ ಚಿಕ್ಕದಾದ ಯಾವ ಕೋರ್ಸೂ ನಿಮ್ಮನ್ನು ಅಲ್ಲಿಗೆ ತಲುಪಿಸುವುದಿಲ್ಲ.

ಈಗ ಅಕ್ಕನ ವಿಷಯ. ಅಮೆರಿಕದಲ್ಲಿ ಫಾರ್ಮಸಿಸ್ಟ್ ಬೇರೆ, ಟೆಕ್ನಿಷಿಯನ್ ಬೇರೆ. ಅಲ್ಲಿ ಫಾರ್ಮಸಿಸ್ಟ್ ಆಗಲು ಡಾಕ್ಟರೇಟ್ ಮಟ್ಟದ ಫಾರ್ಮ್.ಡಿ. ಓದಬೇಕು. ಟೆಕ್ನಿಷಿಯನ್ ಅವರ ಕೈಕೆಳಗೆ ಮಾತ್ರೆ ಎಣಿಸುವುದು, ಲೇಬಲ್ ಅಂಟಿಸುವುದು, ಇನ್ಶೂರೆನ್ಸ್ ಕೆಲಸ ನೋಡುವುದು ಎಲ್ಲಾ ಮಾಡ್ತಾರೆ. ಕೊನೆಯ ಪರಿಶೀಲನೆ, ರೋಗಿಗೆ ಸಲಹೆ ಹೇಳುವುದು ಫಾರ್ಮಸಿಸ್ಟ್ ಜವಾಬ್ದಾರಿ. ಅಲ್ಲಿ ಪಿಟಿಸಿಬಿ ಅನ್ನೋ ಮಂಡಳಿ 1995ರಿಂದ ಟೆಕ್ನಿಷಿಯನ್‌ಗಳಿಗೆ ಸರ್ಟಿಫಿಕೇಟ್ ಕೊಡುತ್ತಿದೆ. ಪರೀಕ್ಷೆಯಲ್ಲಿ 90 ಪ್ರಶ್ನೆ. ಪಾಸಾದವರು ಎರಡು ವರ್ಷಕ್ಕೊಮ್ಮೆ 20 ಗಂಟೆ ಕಲಿಕೆ ತೋರಿಸಿ ಅದನ್ನು ನವೀಕರಿಸಬೇಕು. ಉಳಿದ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಬ್ರಿಟನ್ನಿನಲ್ಲಿ ಇನ್ನೂ ಬಿಗಿ. 2011ರ ಜುಲೈಯಿಂದ ಅಲ್ಲಿ ನೋಂದಣಿ ಇಲ್ಲದವರು ಫಾರ್ಮಸಿ ಟೆಕ್ನಿಷಿಯನ್ ಅಂತ ಹೇಳಿಕೊಳ್ಳುವ ಹಾಗೇ ಇಲ್ಲ.

ನಮ್ಮ ಕಾಯ್ದೆಯಲ್ಲಿ ಟೆಕ್ನಿಷಿಯನ್ ಅನ್ನುವ ನೋಂದಣಿಯೇ ಇಲ್ಲ. ಇರುವುದು ಒಂದೇ ಹೆಸರು, ರಿಜಿಸ್ಟರ್ಡ್ ಫಾರ್ಮಸಿಸ್ಟ್. ಅದರಾಚೆ ಅಂಗಡಿಯಲ್ಲಿ ಇರುವವರೆಲ್ಲ ಸಹಾಯಕರು. ಹಾಗಾಗಿ ಆ 6 ತಿಂಗಳ ಕೋರ್ಸಿನಿಂದ ಸಿಗುವುದು ಸಹಾಯಕರ ಕೆಲಸ. ಬಿಲ್ಲು ಹಾಕುವುದು, ಸ್ಟಾಕ್ ಎಣಿಸುವುದು, ರ್‍ಯಾಕ್ ಜೋಡಿಸುವುದು ಕಲಿಯಬಹುದು. ಅದು ಮರ್ಯಾದೆಯ ಕೆಲಸವೇ, ತಪ್ಪೇನಿಲ್ಲ. ಆದರೆ "ಇದಾದ ಮೇಲೆ ನೀವೇ ಔಷಧಿ ಕೊಡಬಹುದು" ಅಂತ ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: "ಈ ಸರ್ಟಿಫಿಕೇಟ್ ತೋರಿಸಿದರೆ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ನನಗೆ ನೋಂದಣಿ ನಂಬರ್ ಕೊಡುತ್ತದಾ?" ಅದನ್ನು ಕಾಗದದ ಮೇಲೆ ಬರೆದು ಕೊಡಿ ಅನ್ನಿ. ಕೊಡುವುದಿಲ್ಲ.

ಮಾಲೀಕರ ಮಾತಿಗೆ ಹಳೆಯ ಕಾಲದ ಬೇರು ಇದೆ. ಕಾಯ್ದೆ ಬಂದಾಗ ದೇಶದಲ್ಲಿ ಓದಿದ ಫಾರ್ಮಸಿಸ್ಟ್‌ಗಳು ತೀರಾ ಕಡಿಮೆ. ಆಸ್ಪತ್ರೆ, ಡಿಸ್ಪೆನ್ಸರಿಗಳನ್ನು ನಡೆಸುತ್ತಿದ್ದವರು ಕಾಂಪೌಂಡರ್‌ಗಳು. ನಮ್ಮ ಕೊಡಗಿನ ದೊಡ್ಡ ತೋಟಗಳಲ್ಲೂ ಅಷ್ಟೇ, ಲೈನ್ ಮನೆಗಳ ಕಾರ್ಮಿಕರಿಗೆ ಜ್ವರ ಬಂದರೆ ಮೊದಲು ಕಾಣುತ್ತಿದ್ದದ್ದು ತೋಟದ ಕಾಂಪೌಂಡರನ್ನೇ. ಅವರನ್ನು ಒಂದೇ ದಿನದಲ್ಲಿ ಹೊರಗೆ ಹಾಕಲು ಆಗುತ್ತಿರಲಿಲ್ಲ. ಅದಕ್ಕೆ ಮೊದಲ ರಿಜಿಸ್ಟರ್ ತಯಾರಿಸುವಾಗ, ಕನಿಷ್ಠ ಐದು ವರ್ಷ ಔಷಧಿ ತಯಾರಿಸಿ ಕೊಟ್ಟ ಅನುಭವ ಇದ್ದವರನ್ನೂ ಸೇರಿಸಿಕೊಂಡರು. ಮಾಲೀಕರು ಹೇಳುವ "ಐದು ವರ್ಷ" ಬಹುಶಃ ಅಲ್ಲಿಂದಲೇ ಬಂದಿರಬೇಕು. ಅದು ಮೊದಲ ರಿಜಿಸ್ಟರಿಗೆ ಮಾತ್ರ ಇದ್ದ ಅವಕಾಶ. ನೀವು ಇವತ್ತು ಐದಲ್ಲ, ಇಪ್ಪತ್ತೈದು ವರ್ಷ ಕೌಂಟರಿನಲ್ಲಿ ನಿಂತರೂ ಅದರ ಮೇಲೆ ನಂಬರ್ ಸಿಗುವುದಿಲ್ಲ.

ಹಾಗಾದರೆ ಡಿ.ಫಾರ್ಮ್ ಹೇಗೆ? ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಜೊತೆಗೆ ಬಯಾಲಜಿ ಅಥವಾ ಮ್ಯಾಥ್ಸ್ ಇದ್ದು ಪಾಸಾಗಿರಬೇಕು. ನಿಮ್ಮ 54 ಪರ್ಸೆಂಟ್ ಧಾರಾಳ ಸಾಕು. ಕಾಮರ್ಸ್, ಆರ್ಟ್ಸ್ ಓದಿದ ನಿಮ್ಮ ಗೆಳತಿಯರಿಗೆ ಈ ದಾರಿ ಇಲ್ಲ. ಈಗ ನಡೆಯುತ್ತಿರುವುದು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ 2020ರಲ್ಲಿ ತಂದ ಹೊಸ ಪಠ್ಯ. ಮೊದಲ ವರ್ಷ ಔಷಧಿ ತಯಾರಿಕೆ ಕಲಿಸುವ ಫಾರ್ಮಾಸ್ಯೂಟಿಕ್ಸ್, ಔಷಧ ರಸಾಯನಶಾಸ್ತ್ರ, ಗಿಡಮೂಲಿಕೆಯಂಥ ನೈಸರ್ಗಿಕ ಔಷಧಿಗಳ ಫಾರ್ಮಕಾಗ್ನಸಿ, ಅನಾಟಮಿ ಇವೆಲ್ಲ ಇರುತ್ತವೆ. ಸೋಷಿಯಲ್ ಫಾರ್ಮಸಿ ಅಂತ ಹೊಸ ವಿಷಯವೂ ಸೇರಿದೆ. ಲಸಿಕೆ, ಪೌಷ್ಟಿಕತೆ, ಸಾಂಕ್ರಾಮಿಕ ರೋಗ, ಹಳ್ಳಿಯ ಆರೋಗ್ಯ ಇವನ್ನು ಅದರಲ್ಲಿ ಕಲಿಸ್ತಾರೆ. ನಮ್ಮಂಥ ಜಿಲ್ಲೆಗೆ ಅದು ತುಂಬಾ ಬೇಕಾಗಿತ್ತು. ಎರಡನೇ ವರ್ಷ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತೆ ಅನ್ನುವ ಫಾರ್ಮಕಾಲಜಿ, ಅಂಗಡಿ ನಡೆಸುವುದು, ಆಸ್ಪತ್ರೆ ಫಾರ್ಮಸಿ, ಕಾನೂನು. ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆಯಾಗಿ 40 ಪರ್ಸೆಂಟ್ ಬಂದರೆ ಪಾಸು. ಹಾಜರಾತಿ 75 ಪರ್ಸೆಂಟ್ ಕಡ್ಡಾಯ.

ಈ ಹಾಜರಾತಿ ಮಾತನ್ನು ಸುಮ್ನೆ ಹೇಳಿಲ್ಲ. "ಕಾಲೇಜಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು, ಹೊರ ರಾಜ್ಯದ ಡಿಪ್ಲೊಮಾ ಕೊಡಿಸ್ತೀವಿ" ಅನ್ನುವ ಏಜೆಂಟರು ನಿಮಗೂ ಫೋನ್ ಮಾಡ್ತಾರೆ, ನೋಡ್ತಾ ಇರಿ. ಅಂಚೆ ಮೂಲಕ ಓದುವ ಡಿ.ಫಾರ್ಮ್‌ಗೆ ಮಾನ್ಯತೆ ಇಲ್ಲ. ಕೌನ್ಸಿಲಿನ ಒಪ್ಪಿಗೆ ಇಲ್ಲದ ಕಾಲೇಜಿನ ಸರ್ಟಿಫಿಕೇಟ್ ತಂದರೆ ನೋಂದಣಿ ಆಗುವುದಿಲ್ಲ, ಕಟ್ಟಿದ ದುಡ್ಡೂ ವಾಪಸ್ ಬರುವುದಿಲ್ಲ. ಕಾಲೇಜಿನ ಹೆಸರನ್ನು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ನೀವು ಸೇರುವ ವರ್ಷಕ್ಕೆ, ಅದೂ ಡಿ.ಫಾರ್ಮ್ ಕೋರ್ಸಿಗೇ ಒಪ್ಪಿಗೆ ಇದೆಯಾ ನೋಡಿ. ಒಂದೇ ಕಾಲೇಜಿನಲ್ಲಿ ಬಿ.ಫಾರ್ಮ್ ಡಿಗ್ರಿಗೆ ಒಪ್ಪಿಗೆ ಇದ್ದು ಡಿ.ಫಾರ್ಮ್‌ಗೆ ಇಲ್ಲದೆಯೂ ಇರಬಹುದು.

ನಮ್ಮ ಕಡೆಯ ಮಕ್ಕಳು ಸಾಮಾನ್ಯವಾಗಿ ಮೈಸೂರು ಇಲ್ಲ ಮಂಗಳೂರಿಗೆ ಹೋಗ್ತಾರೆ. ಸೋಮವಾರಪೇಟೆಯಿಂದ ನಿಮಗೆ ಕುಶಾಲನಗರದ ಮೇಲೆ ಮೈಸೂರೇ ಅನುಕೂಲ. ಹಾಸನವೂ ದೂರ ಅಲ್ಲ. ಸರ್ಕಾರಿ ಕಾಲೇಜು ಬೇಕೆಂದರೆ ಬೆಂಗಳೂರಿನಲ್ಲಿ ಗವರ್ನಮೆಂಟ್ ಕಾಲೇಜ್ ಆಫ್ ಫಾರ್ಮಸಿ ಇದೆ. ಹಾಸ್ಟೆಲ್ ಸಿಗುತ್ತದಾ, ಸ್ಕಾಲರ್‌ಶಿಪ್‌ಗೆ ಎಸ್ಎಸ್‌ಪಿ ಪೋರ್ಟಲಿನಲ್ಲಿ ಯಾವಾಗ ಅರ್ಜಿ ಹಾಕಬೇಕು ಅನ್ನುವುದನ್ನು ಅಡ್ಮಿಷನ್ ದಿನವೇ ಆಫೀಸಿನಲ್ಲಿ ಕೇಳಿಬಿಡಿ. ಜಾತಿ, ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ಈಗಲೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿ.

ಸಿಇಟಿ ಬರೆದಿದ್ದೀರಾದರೆ ಬಿ.ಫಾರ್ಮ್ ಬಗ್ಗೆಯೂ ಯೋಚಿಸಿ. ನಾಲ್ಕು ವರ್ಷ ಆಗುತ್ತೆ, ಆದರೆ ಔಷಧ ಕಂಪನಿಗಳ ಕೆಲಸಕ್ಕೂ ದಾರಿ ತೆರೆಯುತ್ತೆ. ಮನೆಯಲ್ಲಿ ಬೇಗ ದುಡಿಯುವುದು ಮುಖ್ಯ ಅಂದರೆ ಡಿ.ಫಾರ್ಮ್ ಮಾಡಿ. ಆಮೇಲೆ ಮನಸ್ಸು ಬಂದರೆ ಬಿ.ಫಾರ್ಮ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ನಿಮ್ಮ ಪತ್ರ ಓದಿದರೆ ನನಗೆ ಡಿ.ಫಾರ್ಮ್ ಸರಿ ಅನಿಸುತ್ತೆ.

ಈಗ 500 ಗಂಟೆಯ ತರಬೇತಿಗೆ ಬರ್ತೇನೆ. ನಿಮ್ಮ ಹತ್ತಿರ ನಾನು ನಿಜವಾಗಿ ಮಾತಾಡಬೇಕಾದದ್ದು ಇದರ ಬಗ್ಗೆಯೇ. ಎರಡನೇ ವರ್ಷದ ಪರೀಕ್ಷೆ ಆದ ಮೇಲೆ ಆಸ್ಪತ್ರೆಯಲ್ಲೋ ಲೈಸೆನ್ಸ್ ಇರುವ ಮೆಡಿಕಲ್ ಶಾಪಿನಲ್ಲೋ ಈ ತರಬೇತಿ ಮಾಡಬೇಕು. ಅದರಲ್ಲಿ 250 ಗಂಟೆಯಾದರೂ ಚೀಟಿ ನೋಡಿ ಔಷಧಿ ಕೊಡುವ ಕೆಲಸದಲ್ಲೇ ಕಳೆಯಬೇಕು. ಬಹಳ ಮಕ್ಕಳು ಪರಿಚಯದ ಅಂಗಡಿಯಲ್ಲಿ ಒಂದು ಸಹಿ ಹಾಕಿಸಿಕೊಂಡು ಇದನ್ನು ಮುಗಿಸಿಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಯಾಕೆ ಅಂತ ನನ್ನದೇ ಅನುಭವದಿಂದ ಹೇಳ್ತೇನೆ. ನಾನು ತರಬೇತಿಗೆ ಸೇರಿದ್ದ ಅಂಗಡಿಗೆ ಒಬ್ಬ ಅಜ್ಜಿ ಬಂದರು. ಕೈಗಂಟುಗಳು ಊದಿ ಸೊಟ್ಟಗಾಗಿದ್ದವು. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಇತ್ತು, 2.5 ಮಿಲಿಗ್ರಾಂನ ಮೂರು ಮಾತ್ರೆ, ವಾರಕ್ಕೊಮ್ಮೆ. ಜೊತೆಗೆ ಫೋಲಿಕ್ ಆಸಿಡ್. ಎರಡೂ ಸಣ್ಣ ಹಳದಿ ಮಾತ್ರೆಗಳು. ಕೌಂಟರಿನಲ್ಲಿದ್ದ ಹುಡುಗ ಓದಿದವನಲ್ಲ, ಆದರೆ ಕೈ ಚುರುಕು. ಕವರಿನ ಮೇಲೆ ಎರಡಕ್ಕೂ "ದಿನಾ ರಾತ್ರಿ" ಅಂತ ಬರೆದ. ಕವರಿಗೆ ಹಾಕಿ ಕೊಟ್ಟವಳು ನಾನು. ಚೀಟಿಯನ್ನು ನಾನು ಮತ್ತೆ ಓದಲಿಲ್ಲ. ಫಾರ್ಮಸಿಸ್ಟ್ ಆ ದಿನ ಅಂಗಡಿಯಲ್ಲೇ ಇರಲಿಲ್ಲ. ಹತ್ತು ದಿನ ಬಿಟ್ಟು ಅಜ್ಜಿಯ ಮಗ ಬಂದ. ಬಾಯಿ ತುಂಬಾ ಹುಣ್ಣು, ಗಂಜಿ ನುಂಗಲೂ ಆಗ್ತಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇವೆ ಅಂದ. ರಕ್ತದ ಕಣಗಳು ಇಳಿದುಹೋಗಿದ್ದವು. ಆ ಔಷಧಿಯನ್ನು ದಿನಾ ತಗೊಂಡರೆ ಆಗುವುದೇ ಹಾಗೆ. ಅಜ್ಜಿ ಬದುಕಿದರು. ಆದರೆ ಅವತ್ತಿಂದ ಇವತ್ತಿನವರೆಗೂ ಮೆಥೊಟ್ರೆಕ್ಸೇಟ್ ಚೀಟಿ ಬಂದರೆ ನಾನು ವಾರದ ಹೆಸರು ಕೇಳದೆ ಕೊಡುವುದಿಲ್ಲ. "ಯಾವ ವಾರ ತಗೊಳ್ತೀರಿ? ಸೋಮವಾರವಾ? ಹಾಗಾದ್ರೆ ಸೋಮವಾರ ಮಾತ್ರ, ಬೇರೆ ದಿನ ಮುಟ್ಟಬೇಡಿ" ಅಂತ ಹೇಳಿ, ಅವರ ಬಾಯಲ್ಲೇ ತಿರುಗಿ ಹೇಳಿಸ್ತೇನೆ.

ಪುಸ್ತಕದಲ್ಲಿ ಇದು ಒಂದು ಸಾಲು. ಕೌಂಟರಿನಲ್ಲಿ ನಿಂತಾಗ ಮಾತ್ರ ಆ ಸಾಲಿನ ಹಿಂದೆ ಒಬ್ಬ ಅಜ್ಜಿ ಇರ್ತಾರೆ.

ತರಬೇತಿಯನ್ನು ಮಡಿಕೇರಿಯಲ್ಲಿ ಮಾಡಬಹುದಾ ಅಂತ ಕಾಲೇಜಿನಲ್ಲಿ ಮೊದಲೇ ಕೇಳಿ. ಇಲ್ಲಿ ವೈದ್ಯಕೀಯ ಕಾಲೇಜಿನ ಜಿಲ್ಲಾ ಆಸ್ಪತ್ರೆ ಇದೆ. ದಿನಾ ಬರುವ ಚೀಟಿಗಳ ಸಂಖ್ಯೆ ದೊಡ್ಡದು, ಬಗೆಯೂ ಜಾಸ್ತಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಐದು ಚೀಟಿ ಬರೆದುಕೊಳ್ಳಿ: ಯಾವ ಔಷಧಿ, ಎಷ್ಟು, ಯಾಕೆ, ಏನು ಹೇಳಿ ಕೊಟ್ಟೆವು. ಸ್ಟ್ರಿಪ್ ಕೈಗೆ ಬಂದ ತಕ್ಷಣ ತಿರುಗಿಸಿ ಓದುವ ಅಭ್ಯಾಸ ಮಾಡಿ. ಕೆಂಪು ಗೆರೆ ಇದ್ದರೆ ಚೀಟಿ ಬೇಕು. ಕೆಂಪು ಚೌಕಟ್ಟಿನೊಳಗೆ ಎಚ್1, ಅಂದರೆ ಇನ್ನೂ ಬಿಗಿ ನಿಯಮ ಇರುವ ಔಷಧಿಗಳ ಪಟ್ಟಿಯ ಎಚ್ಚರಿಕೆ ಇದ್ದರೆ ಚೀಟಿಯ ಜೊತೆ ರಿಜಿಸ್ಟರೂ ಬರೆಯಬೇಕು. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್, ಟಿಬಿ ಔಷಧಿ, ಆಲ್‌ಪ್ರಜೋಲಾಮ್, ಟ್ರಮಡಾಲ್ ಇವೆಲ್ಲ ಅದರಲ್ಲಿ ಬರುತ್ತವೆ. ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಕೊಟ್ಟ ಪ್ರಮಾಣ ಬರೆದು ಆ ಪುಸ್ತಕವನ್ನು ಮೂರು ವರ್ಷ ಇಡಬೇಕು. 2014ರ ಮಾರ್ಚಿನಿಂದ ಇದು ಜಾರಿಯಲ್ಲಿದೆ. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಕೊನೆಯವರೆಗೆ ಅಂಗಡಿಯಲ್ಲೇ ಉಳಿಯುವ ಹಾಗೆ ಕತ್ತರಿಸಿ. ಎಕ್ಸ್‌ಪೈರಿ ಯಾವಾಗ ಅಂತ ಗೊತ್ತಾಗದ ಮಾತ್ರೆಯನ್ನು ಯಾರಿಗೂ ಕೊಡಬಾರದು.

ಮಳೆಗಾಲದ್ದು ನಮ್ಮ ಊರಿಗೇ ಸೇರಿದ ಪಾಠ. ಜೂನ್‌ನಿಂದ ಇಲ್ಲಿ ಗೋಡೆಯೂ ಬೆವರುತ್ತೆ, ಅಲ್ವಾ? ಔಷಧಿ ಪೆಟ್ಟಿಗೆಯನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬಾರದು. ನೀರಲ್ಲಿ ಹಾಕಿದರೆ ಗುಳ್ಳೆ ಬರುವ ಮಾತ್ರೆಗಳ ಡಬ್ಬಿ ಮುಚ್ಚಳ ತೆರೆದಿಟ್ಟರೆ ಬೇಗ ಹಾಳು. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಏನು ಮಾಡ್ತೀರಿ ಅಂತ ತರಬೇತಿಯಲ್ಲೇ ಕೇಳಿ ಕಲಿಯಿರಿ. ಕೆಲವರು ಗಾಬರಿಯಲ್ಲಿ ಅದನ್ನು ಐಸ್‌ಗೆ ತಾಗಿಸಿ ಇಡ್ತಾರೆ. ಒಮ್ಮೆ ಗಡ್ಡೆ ಕಟ್ಟಿದ ಇನ್ಸುಲಿನ್ ಮತ್ತೆ ಕರಗಿದ ಮೇಲೆ ನೋಡಲು ಚೆನ್ನಾಗೇ ಕಾಣಬಹುದು. ಆದರೂ ಅದನ್ನು ಎಸೆಯಲೇಬೇಕು.

ಭಾಷೆಯೂ ಇಲ್ಲಿ ಕೆಲಸದ ಭಾಗ. ಒಂದೇ ಬೆಳಿಗ್ಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಮಾತಾಡುವವರು ಬರ್ತಾರೆ. ಈಗ ಅಸ್ಸಾಮಿನಿಂದ ಬಂದ ತೋಟದ ಕೆಲಸದವರೂ ಇದ್ದಾರೆ. ಓದು ಬರದವರಿಗೆ ನಾನು ಕವರಿನ ಮೇಲೆ ಸೂರ್ಯ, ಚಂದ್ರ ಬರೆದು ಪಕ್ಕದಲ್ಲಿ ಎಷ್ಟು ಮಾತ್ರೆಯೋ ಅಷ್ಟು ಚುಕ್ಕಿ ಇಡ್ತೇನೆ. ನಿಮಗೆ ಬರುವ ಎಲ್ಲಾ ಭಾಷೆ ಇಲ್ಲಿ ಉಪಯೋಗಕ್ಕೆ ಬರುತ್ತೆ.

ಎಕ್ಸಿಟ್ ಪರೀಕ್ಷೆ ಬಗ್ಗೆ ಹೆದರಬೇಡಿ. ಇದರ ನಿಯಮ ಬಂದದ್ದು 2022ರಲ್ಲಿ, ಮೊದಲ ಪರೀಕ್ಷೆ ನಡೆದದ್ದು 2024ರ ಅಕ್ಟೋಬರಿನಲ್ಲಿ. ಮೂರು ಪತ್ರಿಕೆ, ಸರಿ ಉತ್ತರ ಆರಿಸುವ ಪ್ರಶ್ನೆಗಳು, ಇಂಗ್ಲಿಷಿನಲ್ಲಿ. ಪ್ರತಿ ಪತ್ರಿಕೆಯಲ್ಲೂ 50 ಪರ್ಸೆಂಟ್ ಬೇಕು. ಎಷ್ಟು ಸಲ ಬೇಕಾದರೂ ಬರೆಯಬಹುದು. ನಿಮ್ಮ ಬ್ಯಾಚಿನ ಹೊತ್ತಿಗೆ ಏನು ನಿಯಮ ಇದೆ ಅಂತ ಕಾಲೇಜಿನಲ್ಲೂ ರಾಜ್ಯ ಕೌನ್ಸಿಲಿನಲ್ಲೂ ಖಚಿತ ಮಾಡಿಕೊಳ್ಳಿ. ಕಾಲೇಜಿನ ಪರೀಕ್ಷೆಗೆ 40, ಇದಕ್ಕೆ 50 ಅನ್ನುವುದು ನೆನಪಿರಲಿ. ಹೇಗೋ ಪಾಸಾದರೆ ಸಾಕು ಅಂತ ಓದಿದವರು ಇಲ್ಲಿ ಸಿಕ್ಕಿಬೀಳ್ತಾರೆ.

ಆಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲಿಗೆ ಅರ್ಜಿ. 18 ವರ್ಷ ತುಂಬಿರಬೇಕು, ಈ ರಾಜ್ಯದಲ್ಲಿ ವಾಸ ಅಥವಾ ಕೆಲಸ ಇರಬೇಕು. ನಂಬರ್ ಸಿಕ್ಕ ಮೇಲೂ ಐದು ವರ್ಷದಲ್ಲಿ ಕನಿಷ್ಠ ಎರಡು ರಿಫ್ರೆಶರ್ ಕೋರ್ಸ್ ಮಾಡಬೇಕು ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮ ಹೇಳುತ್ತೆ. ಒಂದೊಂದು ದಿನದ ಕೋರ್ಸ್, ಕಷ್ಟ ಏನಿಲ್ಲ. ನವೀಕರಣ ಮಾತ್ರ ಮರೆಯಬೇಡಿ.

ನಂಬರ್ ಸಿಕ್ಕ ವಾರದಲ್ಲೇ ನಿಮಗೆ ಒಂದು ಮಾತು ಬರುತ್ತೆ: "ನೀನು ಬರೋದೇ ಬೇಡಮ್ಮಾ, ಸರ್ಟಿಫಿಕೇಟ್ ಗೋಡೆಗೆ ಹಾಕ್ತೀವಿ, ತಿಂಗಳಿಗೆ ಇಷ್ಟು ಕೊಡ್ತೀವಿ." ಮನೆಯಲ್ಲಿ ಕಷ್ಟ ಇರುವಾಗ ಇದು ದೊಡ್ಡ ಆಸೆ. ಆದರೆ ಆ ಅಂಗಡಿಯಲ್ಲಿ ತಪ್ಪಾದರೆ ಕಾಗದದಲ್ಲಿ ಇರುವುದು ನಿಮ್ಮ ಹೆಸರು. ಕೌನ್ಸಿಲ್ ನಿಮ್ಮ ಹೆಸರನ್ನು ರಿಜಿಸ್ಟರಿನಿಂದ ತೆಗೆಯಬಹುದು. ನಾನು ಹೇಳಿದ ಅಜ್ಜಿಗೆ ಔಷಧಿ ಹೋದ ದಿನವೂ ಗೋಡೆಯ ಮೇಲೆ ಒಂದು ಸರ್ಟಿಫಿಕೇಟ್ ಇತ್ತು.

ಕೆಲಸದ ಬಗ್ಗೆ ಚಿಂತೆ ಬೇಡ. ಔಷಧಿ ಅಂಗಡಿಗಳು, ಆಸ್ಪತ್ರೆಗಳು, ಜನೌಷಧಿ ಕೇಂದ್ರಗಳು ಎಲ್ಲಕ್ಕೂ ಫಾರ್ಮಸಿಸ್ಟ್ ಬೇಕೇ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಫಾರ್ಮಸಿ ಅಧಿಕಾರಿ ಹುದ್ದೆಗೂ ಡಿ.ಫಾರ್ಮ್ ಮೇಲೆ ಅರ್ಜಿ ಹಾಕಬಹುದು. ಮುಂದೆ ನಿಮ್ಮದೇ ಅಂಗಡಿ ಇಡುವುದಾದರೆ ಕನಿಷ್ಠ 10 ಚದರ ಮೀಟರ್ ಜಾಗ, ಒಂದು ಫ್ರಿಜ್, ಔಷಧಿ ಮಾರಲು ಸರ್ಕಾರದ ಲೈಸೆನ್ಸ್ ಬೇಕು. ಕೊಲ್ಲಿ ದೇಶಗಳಿಗೆ ಹೋಗುವ ಮನಸ್ಸಿದ್ದರೂ ಅಲ್ಲಿ ಮೊದಲು ನೋಡುವುದು ನಿಮ್ಮ ಡಿಪ್ಲೊಮಾ ಅಸಲಿಯಾ, ಇಲ್ಲಿ ನೋಂದಣಿ ಇದೆಯಾ ಅನ್ನುವುದನ್ನೇ. ಅಕ್ಕನ ಹಾಗೆ ಅಮೆರಿಕಕ್ಕೆ ಹೋದರೆ ಅಲ್ಲಿನ ಟೆಕ್ನಿಷಿಯನ್ ಪರೀಕ್ಷೆಯನ್ನು ಆಗ ಬರೆದರಾಯಿತು.

ಕೊನೆಯ ಪ್ರಶ್ನೆ, ಈಗ ಅಂಗಡಿಯಲ್ಲಿ ಕೆಲಸ ಮಾಡಬಹುದಾ? ಮಾಡಿ. ಫಾರ್ಮಸಿಸ್ಟ್ ದಿನಾ ಬಂದು ಕೂರುವ ಅಂಗಡಿಯೇ ಆಗಿರಲಿ. ಸ್ಟಾಕ್ ಬರೆಯಿರಿ, ಬಿಲ್ಲು ಹಾಕಿ, ಎಕ್ಸ್‌ಪೈರಿ ಹತ್ತಿರ ಬಂದದ್ದನ್ನು ಬೇರೆ ಮಾಡಿ, ಔಷಧಿಗಳ ಹೆಸರು ಕಲಿಯಿರಿ. ಚೀಟಿ ಹಿಡಿದು ಯಾರಾದರೂ ನಿಮ್ಮ ಮುಂದೆ ನಿಂತರೆ, ಎಷ್ಟೇ ರಶ್ ಇದ್ದರೂ, "ಒಂದು ನಿಮಿಷ, ಫಾರ್ಮಸಿಸ್ಟನ್ನ ಕರೀತೇನೆ" ಅನ್ನಿ. ಮಾಲೀಕರು ಅದಕ್ಕೆ ಬೇಜಾರು ಮಾಡಿಕೊಂಡರೆ ಬೇರೆ ಅಂಗಡಿ ನೋಡಿ.